ಓದುಗರ ಪ್ರಶ್ನೆ, ನಮ್ಮ ಉತ್ತರ: ಗ್ರಂಥಾಲಯ ಸೇವೆಗಳ ಏಕಮೂಲ ಖರೀದಿ

ಸರ್ಕಾರಿ ಗ್ರಂಥಾಲಯಗಳು ಸೂಚೀಕರಣ (ಪುಸ್ತಕಗಳ ವಿವರ ದಾಖಲಿಸುವ ಕೆಲಸ) ಮತ್ತು ಸಂಪನ್ಮೂಲ ಹಂಚಿಕೆಯ (ಗ್ರಂಥಾಲಯಗಳು ಒಂದರಿಂದೊಂದು ಎರವಲು ಪಡೆಯುವ) ಸೇವೆಗಳನ್ನು ಟೆಂಡರ್ ಇಲ್ಲದೆ ಒಂದೇ ಸಂಸ್ಥೆಯಿಂದ ಕೊಳ್ಳುವ ಪದ್ಧತಿಯ ಬಗ್ಗೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಪತ್ರಗಳನ್ನು ಸಂಕ್ಷೇಪಿಸಲಾಗಿದ್ದು, ಬರೆದವರ ಊರನ್ನು ಮಾತ್ರ ಕೊಡಲಾಗಿದೆ.

ಪ್ರಶ್ನೆ: ನಾನು ಅಮೆರಿಕದ ಒಹಾಯೊ ರಾಜ್ಯದಲ್ಲಿ ನೆಲೆಸಿರುವ ಕನ್ನಡಿಗ. ಅಲ್ಲಿನ ಕೇಂದ್ರ ಸರ್ಕಾರದ ಖರೀದಿ ಜಾಲತಾಣದಲ್ಲಿ ಈಚೆಗೆ ಒಂದು ಪ್ರಕಟಣೆ ಓದಿದೆ. ಇಲಾಖೆಯೊಂದರ ಗ್ರಂಥಾಲಯವು ಸೂಚೀಕರಣ ಮತ್ತು ಸಂಪನ್ಮೂಲ ಹಂಚಿಕೆ ಸೇವೆಯನ್ನು ಸ್ಪರ್ಧೆ ಕರೆಯದೆ ಒಸಿಎಲ್‌ಸಿ ಎಂಬ ಸಂಸ್ಥೆಯಿಂದಲೇ ಪಡೆಯಲಿದೆ ಎಂದು ಅದರಲ್ಲಿತ್ತು. ಪೈಪೋಟಿಯನ್ನು ಅಷ್ಟೊಂದು ಕೊಂಡಾಡುವ ದೇಶದಲ್ಲಿ ಇದು ಹೇಗೆ ಸಾಧ್ಯ? ಇದು ಬೇಕಾದವರಿಗೆ ಕೊಡುವ ಗುತ್ತಿಗೆಯಲ್ಲವೇ? (ಕೊಲಂಬಸ್)

ಉತ್ತರ: ಪ್ರಕಟಣೆಯೊಂದನ್ನೇ ನೋಡಿ ಹಾಗೆ ತೀರ್ಮಾನಿಸುವುದು ಸರಿಯಾಗದು. ಆ ಪ್ರಕಟಣೆಯ ಹಿಂದೆ ಒಂದು ಸಮರ್ಥನಾ ಪತ್ರ ಇರುತ್ತದೆ. ಖರೀದಿ ನ್ಯಾಯವೋ ಅನ್ಯಾಯವೋ ಎಂಬುದು ಅದರಲ್ಲಿ ಬರೆದಿರುವ ಕಾರಣಗಳ ಮೇಲೆ ನಿಂತಿದೆ.

ಮೊದಲು ಕಾನೂನನ್ನು ನೋಡೋಣ. ಅಮೆರಿಕದ ಕೇಂದ್ರ ಸರ್ಕಾರದ ಗುತ್ತಿಗೆಗಳಿಗೆ 1984ರ ಕಾಂಪಿಟಿಷನ್ ಇನ್ ಕಾಂಟ್ರ್ಯಾಕ್ಟಿಂಗ್ ಆ್ಯಕ್ಟ್ ಆಧಾರ. ಪೂರ್ಣ ಮತ್ತು ಮುಕ್ತ ಸ್ಪರ್ಧೆಯೇ ನಿಯಮವೆಂದು ಅದು ಹೇಳಿ, ಏಳು ಸಂದರ್ಭಗಳಲ್ಲಿ ಮಾತ್ರ ವಿನಾಯಿತಿ ಕೊಡುತ್ತದೆ. ಜವಾಬ್ದಾರಿಯುತ ಪೂರೈಕೆದಾರ ಒಬ್ಬನೇ ಇದ್ದು, ಬೇರೆ ಯಾವ ಸರಕು ಅಥವಾ ಸೇವೆಯಿಂದಲೂ ಇಲಾಖೆಯ ಅಗತ್ಯ ಪೂರೈಸದಿರುವುದು ಅವುಗಳಲ್ಲಿ ಮೊದಲನೆಯದು. ತಾವು ಓದಿದ ಪ್ರಕಟಣೆ ಬಹುಮಟ್ಟಿಗೆ ಇದರ ಅಡಿಯಲ್ಲಿ ಹೊರಟದ್ದು. ಇಂತಹ ಪ್ರಕಟಣೆಗಳಲ್ಲಿ ‘ಇದು ದರಪಟ್ಟಿಗೆ ಆಹ್ವಾನವಲ್ಲ’ ಎಂಬ ಮಾತಿನ ಜೊತೆಗೆ, ಈ ಸೇವೆಯನ್ನು ತಾವೂ ಕೊಡಬಲ್ಲೆವೆಂದು ನಂಬುವವರು ಇಂತಿಷ್ಟು ದಿನಗಳೊಳಗೆ ತಮ್ಮ ಸಾಮರ್ಥ್ಯದ ವಿವರ ಕಳುಹಿಸಬಹುದು ಎಂಬ ಸಾಲೂ ಸಾಮಾನ್ಯವಾಗಿ ಇರುತ್ತದೆ. ಆ ಎರಡನೆಯ ಸಾಲನ್ನು ಶಿಷ್ಟಾಚಾರವೆಂದು ತಳ್ಳಿಹಾಕಬಾರದು, ಏಕೆಂದರೆ ಇನ್ನೊಬ್ಬ ಪೂರೈಕೆದಾರ ನಿಜವಾಗಿ ಮುಂದೆ ಬಂದರೆ ಅವನ ಹೆಸರು ಸಮರ್ಥನಾ ಪತ್ರದಲ್ಲಿ ದಾಖಲಾಗಬೇಕು, ಮತ್ತು ಅವನನ್ನು ಏಕೆ ಒಪ್ಪಲಿಲ್ಲ ಎಂಬುದಕ್ಕೆ ಅಧಿಕಾರಿ ಉತ್ತರ ಕೊಡುವ ಸ್ಥಿತಿಯಲ್ಲಿರಬೇಕು.

ಎರಡು ಕಾರಣಗಳನ್ನು ಮಾತ್ರ ಅಲ್ಲಿನ ನಿಯಮ ಹೆಸರಿಟ್ಟು ನಿರಾಕರಿಸಿದೆ. ಮುಂಚಿತವಾಗಿ ಯೋಜನೆ ಮಾಡಿಕೊಳ್ಳಲಿಲ್ಲ ಎಂಬುದು ಒಂದು. ಅನುದಾನ ಕೈತಪ್ಪಿ ಹೋಗುತ್ತದೆ ಎಂಬ ಆತಂಕ ಇನ್ನೊಂದು. ಅಲ್ಲಿನ ಆರ್ಥಿಕ ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಮಾರ್ಚ್ ಕೊನೆಯ ವಾರದಲ್ಲಿ ನಮ್ಮ ಕಚೇರಿಗಳ ಕಡತಗಳಿಗೆ ಬರುವ ವೇಗವನ್ನು ಕಂಡವರಿಗೆ ಈ ನಿಷೇಧದ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಒಸಿಎಲ್‌ಸಿ ಏಕೆ ಎಂಬ ಪ್ರಶ್ನೆ. 1967ರಲ್ಲಿ ಒಹಾಯೊದ 54 ಕಾಲೇಜುಗಳು ಸೇರಿ, ಫ್ರೆಡರಿಕ್ ಕಿಲ್ಗೋರ್ ಅವರ ಮುಂದಾಳತ್ವದಲ್ಲಿ, ಒಹಾಯೊ ಕಾಲೇಜ್ ಲೈಬ್ರರಿ ಸೆಂಟರ್ ಎಂಬ ಸಹಕಾರಿ ಕೇಂದ್ರವೊಂದನ್ನು ಕಟ್ಟಿದವು. ಒಂದೇ ಪುಸ್ತಕಕ್ಕೆ ಐವತ್ತು ಕಡೆ ಐವತ್ತು ಜನ ಸೂಚಿ ಬರೆಯುವ ಬದಲು ಒಬ್ಬರು ಬರೆದುದನ್ನು ಉಳಿದವರು ಬಳಸಿಕೊಳ್ಳಲಿ ಎಂಬುದು ಉದ್ದೇಶ. 1971ರ ಆಗಸ್ಟ್‌ನಲ್ಲಿ ಒಹಾಯೊ ವಿಶ್ವವಿದ್ಯಾಲಯದ ಆಲ್ಡನ್ ಗ್ರಂಥಾಲಯದಿಂದ ಕಂಪ್ಯೂಟರ್ ಮೂಲಕ ಹಂಚಿಕೆಯ ಸೂಚೀಕರಣ ಆರಂಭವಾಯಿತು. 1979ರಲ್ಲಿ ಅದರ ಮೇಲೆಯೇ ಅಂತರ ಗ್ರಂಥಾಲಯ ಎರವಲಿನ ವ್ಯವಸ್ಥೆಯೂ ಬಂತು. ಇಂದು ತಮ್ಮ ಊರಿನ ಪಕ್ಕದ ಡಬ್ಲಿನ್‌ನಲ್ಲಿ ಕೇಂದ್ರ ಕಚೇರಿ ಹೊಂದಿರುವ ಆ ಸಂಸ್ಥೆಯ ವರ್ಲ್ಡ್‌ಕ್ಯಾಟ್ ಎಂಬ ಸಂಯುಕ್ತ ಸೂಚಿಯಲ್ಲಿ, ಅಂದರೆ ಹಲವು ಗ್ರಂಥಾಲಯಗಳ ಸೂಚಿಗಳನ್ನು ಒಂದುಗೂಡಿಸಿದ ಪಟ್ಟಿಯಲ್ಲಿ, 50 ಕೋಟಿಗೂ ಹೆಚ್ಚು ಗ್ರಂಥ ದಾಖಲೆಗಳಿವೆ. ಯಾವ ಗ್ರಂಥಾಲಯದಲ್ಲಿ ಯಾವ ಪುಸ್ತಕವಿದೆ ಎಂದು ಹೇಳುವ ನಮೂದುಗಳು, ವೃತ್ತಿಯವರು ಹೋಲ್ಡಿಂಗ್ಸ್ ಎನ್ನುವಂಥವು, ಅದಕ್ಕೂ ಹಲವು ಪಟ್ಟು ಇವೆ.

ವಾದದ ತಿರುಳಿರುವುದು ಆ ನಮೂದುಗಳಲ್ಲಿ. ಸಾಫ್ಟ್‌ವೇರನ್ನು ಬೇರೊಬ್ಬರು ಇದಕ್ಕಿಂತ ಚೆನ್ನಾಗಿಯೇ ಬರೆಯಬಹುದು. ಆದರೆ ಸಾವಿರಾರು ಗ್ರಂಥಾಲಯಗಳು ಅರ್ಧ ಶತಮಾನ ಕಾಲ ‘ಈ ಪುಸ್ತಕ ನಮ್ಮಲ್ಲಿದೆ’ ಎಂದು ಗುರುತು ಹಾಕುತ್ತ ಬಂದ ರಾಶಿಯನ್ನು ಯಾರೂ ಹೊಸದಾಗಿ ಸೃಷ್ಟಿಸಲಾರರು. ಸಂತೆ ಕೂಡುವ ಬಯಲನ್ನು ಬಿಟ್ಟು ಬೇರೆ ಕಡೆ ಎಷ್ಟು ಒಳ್ಳೆಯ ಅಂಗಡಿ ಹಾಕಿದರೂ ಗಿರಾಕಿ ಬರುವುದಿಲ್ಲ, ಗಿರಾಕಿ ಬಾರದ ಕಡೆಗೆ ಇನ್ನೊಬ್ಬ ವ್ಯಾಪಾರಿಯೂ ಬರುವುದಿಲ್ಲ. ಎರವಲು ಕೊಡುವ ಗ್ರಂಥಾಲಯಗಳೆಲ್ಲ ಒಂದು ಕಡೆ ಸೇರಿರುವುದರಿಂದ ಎರವಲು ಬೇಕಾದ ಸರ್ಕಾರಿ ಗ್ರಂಥಾಲಯವೂ ಅಲ್ಲಿಗೇ ಹೋಗಬೇಕಾಗಿದೆ.

ಆದ್ದರಿಂದ, ನನ್ನ ಅಭಿಪ್ರಾಯದಲ್ಲಿ, ತಾವು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಪ್ರಕಟಣೆಯಲ್ಲಿ ‘ಸೂಚೀಕರಣ ಮತ್ತು ಸಂಪನ್ಮೂಲ ಹಂಚಿಕೆ’ ಎಂದು ಎರಡನ್ನು ಒಂದೇ ಉಸಿರಿನಲ್ಲಿ ಹೇಳಲಾಗಿದೆಯಲ್ಲ, ಏಕಮೂಲ ಎಂಬ ಮಾತು ಆ ಎರಡಕ್ಕೂ ಒಂದೇ ಪ್ರಮಾಣದಲ್ಲಿ ಅನ್ವಯಿಸುತ್ತದೆಯೇ? ಸೂಚೀಕರಣದ ದಾಖಲೆಗಳಿಗೆ ಬೇರೆ ಮೂಲಗಳಿವೆ. ದೇಶವ್ಯಾಪಿ ಎರವಲು ಜಾಲಕ್ಕೆ ಹೆಚ್ಚು ಮೂಲಗಳಿಲ್ಲ. ಎರಡನೆಯದರ ಬಲದ ಮೇಲೆ ಮೊದಲನೆಯದನ್ನೂ ಸ್ಪರ್ಧೆಯಿಂದ ಹೊರಗಿಟ್ಟರೆ ಅದು ಅರ್ಧ ಸತ್ಯದ ಸಮರ್ಥನೆ. ಎರಡನ್ನೂ ಬಿಡಿಸಿ, ಯಾವುದಕ್ಕೆ ಪರ್ಯಾಯ ಹುಡುಕಿದೆವು, ಏನು ಸಿಕ್ಕಿತು, ಅದೇಕೆ ಸಾಲದಾಯಿತು ಎಂದು ಬರೆದಿದ್ದರೆ ಅದು ಪ್ರಾಮಾಣಿಕ ಕಡತ.

ಗುತ್ತಿಗೆ ಕೊಟ್ಟ ಮೇಲೆ, ಸಾಮಾನ್ಯವಾಗಿ 14 ದಿನಗಳೊಳಗೆ, ಸಮರ್ಥನಾ ಪತ್ರವನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕೆಂಬ ನಿಯಮವಿದೆ. ಸಣ್ಣ ಮೊತ್ತದ ಖರೀದಿಗಳಿಗೆ ಇಷ್ಟು ಕಟ್ಟುಪಾಡುಗಳಿಲ್ಲ. ಪತ್ರ ಸಿಕ್ಕರೆ ಎರಡು ಕಡೆ ಕಣ್ಣಾಡಿಸಿ: ಮಾರುಕಟ್ಟೆ ಸಮೀಕ್ಷೆ ಎಂಬ ಭಾಗ ಮತ್ತು, ಮುಂದಿನ ಖರೀದಿಯ ಹೊತ್ತಿಗೆ ಸ್ಪರ್ಧೆಗಿರುವ ಅಡ್ಡಿಗಳನ್ನು ನಿವಾರಿಸಲು ಇಲಾಖೆ ಏನು ಮಾಡಲಿದೆ ಎಂಬ ಭಾಗ. ಈ ಎರಡನೆಯದಕ್ಕೆ ‘ಇಲಾಖೆಯು ಮಾರುಕಟ್ಟೆಯನ್ನು ಗಮನಿಸುತ್ತಿರುತ್ತದೆ’ ಎಂಬ ಒಂದೇ ಸಾಲನ್ನು ವರ್ಷಗಟ್ಟಲೆ ನಕಲು ಮಾಡುತ್ತ ಹೋಗುವ ಅಭ್ಯಾಸ ಯಾವ ದೇಶದ ಕಚೇರಿಗೂ ಹೊಸದಲ್ಲ. 2025ರ ಏಪ್ರಿಲ್‌ನಲ್ಲಿ ಬಂದ ಅಧ್ಯಕ್ಷೀಯ ಆದೇಶದ ನಂತರ ಅಲ್ಲಿನ ಖರೀದಿ ನಿಯಮಸಂಹಿತೆಯನ್ನು ಮರುರಚಿಸಲಾಗುತ್ತಿರುವುದರಿಂದ ನಿಯಮಗಳ ಸಂಖ್ಯೆಗಳು ಬದಲಾಗಿರಬಹುದಾದರೂ 1984ರ ಅಧಿನಿಯಮದ ತಳಹದಿ ಹಾಗೆಯೇ ಇದೆ.

ಒಸಿಎಲ್‌ಸಿ ಲಾಭರಹಿತ ಸಂಸ್ಥೆಯಲ್ಲವೇ ಎಂದು ಕೆಲವರು ಕೇಳುತ್ತಾರೆ. ಹೌದು, ಆದರೆ ಈ ವಿಷಯದಲ್ಲಿ ಅದಕ್ಕೆ ತೂಕವಿಲ್ಲ. ಲಾಭರಹಿತ ಎಂಬ ಒಂದೇ ಕಾರಣಕ್ಕೆ ಟೆಂಡರ್‌ನಿಂದ ವಿನಾಯಿತಿ ಸಿಗುವುದಿಲ್ಲ, ಸಿಗಲೂಬಾರದು.

ಪ್ರಶ್ನೆ: ನಾನು ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿನಿ. ಅಮೆರಿಕದ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ಸೂಚಿ ದಾಖಲೆಗಳು ಉಚಿತವಾಗಿ ಸಿಗುತ್ತವೆಂದು ತರಗತಿಯಲ್ಲಿ ಹೇಳಿಕೊಟ್ಟಿದ್ದಾರೆ. ಹಾಗಿದ್ದ ಮೇಲೆ ಸರ್ಕಾರದ್ದೇ ಇನ್ನೊಂದು ಗ್ರಂಥಾಲಯ ಹಣ ಕೊಟ್ಟು ದಾಖಲೆ ಕೊಳ್ಳುವುದೇಕೆ? (ಮೈಸೂರು)

ಉತ್ತರ: ನಿಮ್ಮ ಪ್ರಶ್ನೆ ಹಿಂದಿನ ಉತ್ತರದ ಮರ್ಮಕ್ಕೇ ಕೈ ಹಾಕಿದೆ. ಲೈಬ್ರರಿ ಆಫ್ ಕಾಂಗ್ರೆಸ್‌ನ ಮಾರ್ಕ್ ದಾಖಲೆಗಳನ್ನು, ಅಂದರೆ ಕಂಪ್ಯೂಟರ್ ಓದಬಲ್ಲ ರೂಪದ ಸೂಚಿ ದಾಖಲೆಗಳನ್ನು, ಝಡ್39.50 ಎಂಬ ಸಂಪರ್ಕ ವಿಧಾನದ ಮೂಲಕ ಒಂದೊಂದಾಗಿ ಇಳಿಸಿಕೊಳ್ಳಬಹುದು. 2017ರ ಮೇ ತಿಂಗಳಲ್ಲಿ ಅದು 2.5 ಕೋಟಿ ದಾಖಲೆಗಳನ್ನು ಒಟ್ಟಾಗಿ ಇಳಿಸಿಕೊಳ್ಳಲು ಉಚಿತವಾಗಿ ತೆರೆದಿಟ್ಟಿತು. ಇಂಗ್ಲಿಷ್ ಪುಸ್ತಕಗಳೇ ಹೆಚ್ಚಿರುವ ಒಂದು ಚಿಕ್ಕ ಇಲಾಖಾ ಗ್ರಂಥಾಲಯಕ್ಕೆ ಇದರಿಂದ ಬಹುಪಾಲು ಕೆಲಸ ಆಗಿಬಿಡುತ್ತದೆ.

ಆಗದಿರುವುದು ಎಲ್ಲಿ ಎಂಬುದಕ್ಕೆ ಕನ್ನಡ ಪುಸ್ತಕವೊಂದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ದೆಹಲಿಯಲ್ಲಿ ಕಚೇರಿ ಇಟ್ಟುಕೊಂಡಿದೆ. ಅಮೆರಿಕದ ಗೋಧಿಗೆ ಭಾರತ ತೆರಬೇಕಿದ್ದ ರೂಪಾಯಿಯಲ್ಲಿ ಪುಸ್ತಕ ಕೊಳ್ಳಲು ಪಿಎಲ್ 480 ಯೋಜನೆಯಡಿ ಆರಂಭವಾದ ಈ ಕಚೇರಿ, ಆ ರೂಪಾಯಿ ಮುಗಿದ ಮೇಲೆ, ಭಾಗವಹಿಸುವ ವಿಶ್ವವಿದ್ಯಾಲಯಗಳೇ ಹಣ ಕೊಡುವ ಸಹಕಾರಿ ಯೋಜನೆಯಾಗಿ ಮುಂದುವರಿಯಿತು. ಷಿಕಾಗೊ, ಪೆನ್ಸಿಲ್ವೇನಿಯ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯಗಳ ದಕ್ಷಿಣ ಏಷ್ಯಾ ಸಂಗ್ರಹಗಳು ಬೆಳೆದದ್ದು ಬಹುಮಟ್ಟಿಗೆ ಹೀಗೆ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಅಚ್ಚಾದ ಕಾದಂಬರಿಯೊಂದು ಈ ದಾರಿಯಲ್ಲಿ ಅಮೆರಿಕ ಸೇರಿದಾಗ ಅದರ ದಾಖಲೆಯಲ್ಲಿ ಭಾಷಾ ಸಂಕೇತ ‘ಕೆಎಎನ್’ ಎಂದಿರುತ್ತದೆ, ಶೀರ್ಷಿಕೆ ರೋಮನ್ ಲಿಪಿಗೆ ನಿಗದಿತ ಕೋಷ್ಟಕದ ಪ್ರಕಾರ ಗೆರೆ ಚುಕ್ಕಿಗಳೊಡನೆ ಪರಿವರ್ತಿತವಾಗಿರುತ್ತದೆ, ಮತ್ತು 040 ಎಂಬ ಅಂಕಣದಲ್ಲಿ ದಾಖಲೆ ಮಾಡಿದ ಸಂಸ್ಥೆಯ ಗುರುತು ಇರುತ್ತದೆ. ಕನ್ನಡ ಲಿಪಿಯ ಶೀರ್ಷಿಕೆಯನ್ನು 880ನೆಯ ಅಂಕಣದಲ್ಲಿ ಜೋಡಿಸಿರದಿದ್ದರೆ, ಕನ್ನಡದಲ್ಲೇ ಬೆರಳಚ್ಚಿಸಿ ಹುಡುಕುವವರಿಗೆ ಆ ಪುಸ್ತಕ ಇದ್ದೂ ಇಲ್ಲದಂತೆ. ಕುವೆಂಪು ಎಂದು ಹುಡುಕಿದರೂ ಪುಟ್ಟಪ್ಪ ಎಂದು ಹುಡುಕಿದರೂ ಒಂದೇ ಕಡೆಗೆ ಬರುವಂತೆ ಮಾಡಲು ಲೇಖಕರ ಹೆಸರಿಗೂ ಪ್ರತ್ಯೇಕ ಅಧಿಕೃತ ದಾಖಲೆ ಬೇಕು. ಇಷ್ಟರವರೆಗೂ ಉಚಿತ ದಾಖಲೆ ಸಾಕಾಗುತ್ತದೆ.

ಆದರೆ ವಾಷಿಂಗ್ಟನ್‌ನ ಇಲಾಖೆಯೊಂದರ ಸಂಶೋಧಕರಿಗೆ ಆ ಪುಸ್ತಕ ಓದಲು ಬೇಕಾಗಿದೆ ಎನ್ನಿ. ಲೈಬ್ರರಿ ಆಫ್ ಕಾಂಗ್ರೆಸ್‌ನ ದಾಖಲೆ ಆ ಪುಸ್ತಕ ಅಲ್ಲಿದೆ ಎಂದು ಮಾತ್ರ ಹೇಳುತ್ತದೆ. ಬೇರೆ ಎಲ್ಲೆಲ್ಲಿದೆ ಎಂದು ಹೇಳುವುದಿಲ್ಲ. ಇಲಾಖೆಯ ಗ್ರಂಥಪಾಲಕರು ವರ್ಲ್ಡ್‌ಕ್ಯಾಟ್‌ನಲ್ಲಿ ಅದೇ ದಾಖಲೆ ತೆರೆದು, ಪ್ರತಿ ಇರುವ ಗ್ರಂಥಾಲಯಗಳನ್ನು ನೋಡಿ, ಅವುಗಳಲ್ಲಿ ಕೆಲವನ್ನು ಸಾಲಾಗಿ ಆರಿಸಿ ಬೇಡಿಕೆ ಕಳುಹಿಸುತ್ತಾರೆ. ಮೊದಲನೆಯವರು ನಿಗದಿತ ದಿನಗಳೊಳಗೆ ‘ಕೊಡಲಾಗದು’ ಎಂದರೆ, ಅಥವಾ ಉತ್ತರವನ್ನೇ ಕೊಡದಿದ್ದರೆ, ಬೇಡಿಕೆ ತಾನಾಗಿಯೇ ಎರಡನೆಯವರ ಬಳಿಗೆ ಹೋಗುತ್ತದೆ. ಯಾರೋ ಒಬ್ಬರು ಒಪ್ಪಿದೊಡನೆ ಪುಸ್ತಕ ಅಂಚೆಯಲ್ಲಿ ಹೊರಡುತ್ತದೆ, ಮತ್ತು ಕೊಟ್ಟವರಿಗೆ ಸಲ್ಲಬೇಕಾದ ಶುಲ್ಕವೇನಾದರೂ ಇದ್ದರೆ ಎರಡೂ ಗ್ರಂಥಾಲಯಗಳ ಒಸಿಎಲ್‌ಸಿ ಬಿಲ್ಲಿನಲ್ಲೇ ಜಮಾ ಖರ್ಚಾಗುತ್ತದೆ. ಈ ಕೊನೆಯ ಅನುಕೂಲವನ್ನು ಹೊರಗಿನವರು ಅಷ್ಟಾಗಿ ಗಮನಿಸುವುದಿಲ್ಲ. ಆದರೆ ಹತ್ತು ಹದಿನೈದು ಡಾಲರಿಗೆ ಒಂದೊಂದು ಪ್ರತ್ಯೇಕ ಸರ್ಕಾರಿ ಪಾವತಿ ಮಾಡುವ ಕಷ್ಟ ಲೆಕ್ಕಪತ್ರ ಶಾಖೆಯವರಿಗೆ ಚೆನ್ನಾಗಿ ಗೊತ್ತು.

ಹೀಗಾಗಿ ಹಣ ಹೋಗುವುದು ದಾಖಲೆಗಿಂತ ಹೆಚ್ಚಾಗಿ ಜಾಲಕ್ಕೆ. ಅದರಲ್ಲೂ ಒಂದು ವಿನಾಯಿತಿ ಇದೆ. ವೈದ್ಯಕೀಯ ಗ್ರಂಥಾಲಯಗಳ ನಡುವೆ ಲೇಖನಗಳ ವಿನಿಮಯಕ್ಕಾಗಿ ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ 1985ರಿಂದ ಡಾಕ್‌ಲೈನ್ ಎಂಬ ವ್ಯವಸ್ಥೆ ನಡೆಸುತ್ತಿದ್ದು, ಅದನ್ನು ಬಳಸಲು ಶುಲ್ಕವಿಲ್ಲ. ಸರ್ಕಾರಿ ಆಸ್ಪತ್ರೆಯೊಂದರ ಗ್ರಂಥಾಲಯವು ಕೇವಲ ವೈದ್ಯಕೀಯ ಲೇಖನಗಳಿಗಾಗಿ ‘ಬೇರೆ ಮೂಲವಿಲ್ಲ’ ಎಂದು ಬರೆದರೆ ಆ ಮಾತು ನಿಲ್ಲುವುದಿಲ್ಲ. ಅಗತ್ಯವನ್ನು ಹೇಗೆ ವಿವರಿಸಿದ್ದಾರೆ ಎಂಬುದರ ಮೇಲೆ ಮೂಲ ಒಂದೇ ಅಥವಾ ಹಲವೇ ಎಂಬುದು ನಿರ್ಧಾರವಾಗುತ್ತದೆ. ಪರೀಕ್ಷೆಯಲ್ಲಿ ಬರೆಯಲಲ್ಲದಿದ್ದರೂ ಕೆಲಸಕ್ಕೆ ಸೇರಿದ ಮೇಲೆ ಇದು ನಿಮಗೆ ಉಪಯೋಗಕ್ಕೆ ಬರಬಹುದು.

ಪ್ರಶ್ನೆ: ಒಸಿಎಲ್‌ಸಿಗೆ ಎದುರಾಗಿ ಯಾರೂ ಸ್ಪರ್ಧೆಗೆ ಇಳಿಯಲೇ ಇಲ್ಲವೇ? ಏಕಸ್ವಾಮ್ಯದ ಮೊಕದ್ದಮೆಗಳೇನಾದರೂ ನಡೆದಿವೆಯೇ? (ಹುಬ್ಬಳ್ಳಿ)

ಉತ್ತರ: ಇಳಿದಿದ್ದಾರೆ. ಒಂದು ಕಾಲದಲ್ಲಿ ದೊಡ್ಡ ಸಂಶೋಧನಾ ಗ್ರಂಥಾಲಯಗಳು ಸೇರಿ ನಡೆಸುತ್ತಿದ್ದ ಆರ್‌ಎಲ್‌ಜಿ ಎಂಬ ಬೇರೆ ಒಕ್ಕೂಟಕ್ಕೆ ತನ್ನದೇ ಸಂಯುಕ್ತ ಸೂಚಿ ಇತ್ತು. 2006ರಲ್ಲಿ ಅದು ಒಸಿಎಲ್‌ಸಿಯೊಡನೆ ಸೇರಿಹೋಯಿತು. ಪಶ್ಚಿಮ ಕರಾವಳಿಯ ಡಬ್ಲ್ಯುಎಲ್‌ಎನ್ ಎಂಬ ಗ್ರಂಥಾಲಯ ಜಾಲ 1999ರಲ್ಲೇ ಸೇರಿತ್ತು. ಇಂದಿನ ‘ಒಂದೇ ಮೂಲ’ ಪ್ರಕೃತಿ ಸಹಜವಾಗಿ ಹುಟ್ಟಿದ್ದಲ್ಲ, ಗ್ರಂಥಾಲಯಗಳೇ ಒಪ್ಪಿ ಹಂತ ಹಂತವಾಗಿ ಕಟ್ಟಿದ್ದು ಎಂಬುದನ್ನು ಸಮರ್ಥನಾ ಪತ್ರ ಬರೆಯುವವರು ನೆನಪಿನಲ್ಲಿಡಬೇಕು.

2009ರಲ್ಲಿ ಸ್ಕೈರಿವರ್ ಎಂಬ ಕಂಪನಿ ಕಡಿಮೆ ದರದ ಸೂಚೀಕರಣ ಸೇವೆಯೊಂದಿಗೆ ಮಾರುಕಟ್ಟೆಗೆ ಬಂತು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಗ್ರಂಥಾಲಯ ಸೂಚೀಕರಣವನ್ನು ಆ ಕಡೆಗೆ ಬದಲಾಯಿಸಿ, ಎರವಲು ಜಾಲಕ್ಕೆ ಮಾತ್ರ ಒಸಿಎಲ್‌ಸಿಯಲ್ಲೇ ಉಳಿಯಲು ಹೊರಟಿತು. ನಾನು ಮೇಲೆ ಹೇಳಿದ ಎರಡು ಭಾಗಗಳನ್ನು ಬಿಡಿಸಿ ಕೊಳ್ಳುವ ಪ್ರಯೋಗ ಇದೇ. ಹೊರಗೆ ತಯಾರಾದ ದಾಖಲೆಗಳ ಹೋಲ್ಡಿಂಗ್ಸ್ ಅನ್ನು ಒಟ್ಟಾಗಿ ವರ್ಲ್ಡ್‌ಕ್ಯಾಟ್‌ಗೆ ಸೇರಿಸಲು ಒಸಿಎಲ್‌ಸಿ ಹಿಂದಿನದಕ್ಕಿಂತ ಹಲವು ಪಟ್ಟು ಹೆಚ್ಚು ಶುಲ್ಕ ಕೇಳಿತೆಂಬ ಆರೋಪ ಎದ್ದಿತು. 2010ರ ಜುಲೈನಲ್ಲಿ ಸ್ಕೈರಿವರ್ ಮತ್ತು ಅದರ ಸೋದರ ಸಂಸ್ಥೆ ಇನ್ನೊವೇಟಿವ್ ಇಂಟರ್‌ಫೇಸಸ್ ಏಕಸ್ವಾಮ್ಯ ವಿರೋಧಿ ಕಾನೂನಿನಡಿ ಮೊಕದ್ದಮೆ ಹೂಡಿದವು. 2013ರಲ್ಲಿ ಅದನ್ನು ಹಿಂದಕ್ಕೆ ಪಡೆಯಲಾಯಿತು. ತೀರ್ಪು ಬರಲಿಲ್ಲವಾದ್ದರಿಂದ ಯಾರು ಸರಿ ಎಂದು ನ್ಯಾಯಾಲಯದ ಹೆಸರಿನಲ್ಲಿ ಹೇಳುವಂತಿಲ್ಲ. ಖರೀದಿಯ ದೃಷ್ಟಿಯಿಂದ ಮಾತ್ರ ಪಾಠ ಸ್ಪಷ್ಟವಿದೆ: ಸೂಚೀಕರಣಕ್ಕೆ ಪರ್ಯಾಯ ಇದ್ದರೂ, ಅದನ್ನು ಎರವಲು ಜಾಲಕ್ಕೆ ಜೋಡಿಸುವ ಬಾಗಿಲಿನ ಕಾವಲು ಯಾರ ಕೈಯಲ್ಲಿದೆಯೋ ಪರ್ಯಾಯದ ನಿಜವಾದ ಬೆಲೆ ಅವರ ಕೈಯಲ್ಲಿರುತ್ತದೆ.

2022ರಲ್ಲಿ ಇದರ ತಿರುಗುಮುರುಗು ನಡೆಯಿತು. ಕ್ಲಾರಿವೇಟ್ ಕಂಪನಿ ಮೆಟಾಡೋರ್ ಎಂಬ ಹೆಸರಿನಲ್ಲಿ ಗ್ರಂಥಾಲಯಗಳು ತಮ್ಮ ದಾಖಲೆಗಳನ್ನು ಪರಸ್ಪರ ಉಚಿತವಾಗಿ ಹಂಚಿಕೊಳ್ಳುವ ವೇದಿಕೆ ತರಲು ಹೊರಟಾಗ, ಜೂನ್‌ನಲ್ಲಿ ಒಸಿಎಲ್‌ಸಿಯೇ ಅದರ ಮೇಲೆ ಮೊಕದ್ದಮೆ ಹೂಡಿತು. ನವೆಂಬರ್‌ನಲ್ಲಿ ರಾಜಿಯಾಗಿ ಮೆಟಾಡೋರ್ ನಿಂತಿತು. ಎರವಲಿನ ಕಡೆ ಸ್ವಲ್ಪ ಗಾಳಿಯಾಡುವುದು ರ‍್ಯಾಪಿಡ್‌ಐಎಲ್‌ಎಲ್‌ನಂತಹ ವ್ಯವಸ್ಥೆಗಳಿಂದ. 1997ರ ಪ್ರವಾಹದಲ್ಲಿ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಗ್ರಂಥಾಲಯ ಮುಳುಗಿ ಹೋದಾಗ, ಕಳೆದುಕೊಂಡ ನಿಯತಕಾಲಿಕಗಳ ಲೇಖನಗಳನ್ನು ಬೇರೆ ಗ್ರಂಥಾಲಯಗಳಿಂದ ಬೇಗ ತರಿಸಿಕೊಳ್ಳಲು ಅಲ್ಲಿನ ಎರವಲು ವಿಭಾಗದವರೇ ಕಟ್ಟಿದ ವ್ಯವಸ್ಥೆ ಅದು. 2019ರಲ್ಲಿ ಅದನ್ನು ಎಕ್ಸ್ ಲಿಬ್ರಿಸ್ ಎಂಬ ಗ್ರಂಥಾಲಯ ತಂತ್ರಾಂಶದ ಕಂಪನಿ ಕೊಂಡಿತು. ಎಕ್ಸ್ ಲಿಬ್ರಿಸ್ ಈಗ ಕ್ಲಾರಿವೇಟ್‌ನ ಒಡೆತನದಲ್ಲಿದೆ, ಇನ್ನೊವೇಟಿವ್ ಕೂಡ ಅಲ್ಲಿಗೇ ಸೇರಿದೆ. ಅಂದರೆ ಪರ್ಯಾಯವೆಂದು ಹೆಸರಿಸಬಹುದಾದವುಗಳಲ್ಲಿಯೂ ಹಲವು ಒಂದೇ ಮನೆಯವು.

ಪ್ರಶ್ನೆ: ನಾನು ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದೇನೆ. ಸಾಫ್ಟ್‌ವೇರ್ ನಿರ್ವಹಣೆ ಮತ್ತು ಸಂಪನ್ಮೂಲ ಹಂಚಿಕೆಯ ಸದಸ್ಯತ್ವವನ್ನು ಟೆಂಡರ್ ಇಲ್ಲದೆ ನವೀಕರಿಸುತ್ತ ಬಂದಿದ್ದೇವೆಂದು ಆಡಿಟ್‌ನವರು ಆಕ್ಷೇಪಣೆ ಬರೆದಿದ್ದಾರೆ. ಪಿಎಸಿ ಹಾಕಿದರೆ ಸಾಕಲ್ಲವೇ? (ಕಲಬುರಗಿ)

ಉತ್ತರ: ನಿಮ್ಮ ಸಂಸ್ಥೆ ಯಾವ ಕಾನೂನಿನ ಅಡಿ ಬರುತ್ತದೆ ಎಂಬುದನ್ನು ಮೊದಲು ನೋಡಿಕೊಳ್ಳಿ. ಪಿಎಸಿ, ಅಂದರೆ ಪ್ರೊಪ್ರೈಟರಿ ಆರ್ಟಿಕಲ್ ಸರ್ಟಿಫಿಕೇಟ್, ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ 166ನೆಯ ನಿಯಮಕ್ಕೆ ಸೇರಿದ್ದು. ಬೇಕಾದ ಸರಕನ್ನು ತಯಾರಿಸುವವರು ಒಬ್ಬರೇ ಎಂದು ಬಳಕೆದಾರ ಇಲಾಖೆಗೆ ತಿಳಿದಿದ್ದಾಗ, ತುರ್ತು ಸಂದರ್ಭದಲ್ಲಿ, ಅಥವಾ ಈಗಿರುವ ಯಂತ್ರಗಳಿಗೆ ಹೊಂದುವ ಬಿಡಿಭಾಗಗಳ ಏಕರೂಪತೆಗಾಗಿ ಏಕ ಟೆಂಡರ್‌ಗೆ ಆ ನಿಯಮ ಅವಕಾಶ ಕೊಡುತ್ತದೆ. ಆ ಪ್ರಮಾಣಪತ್ರದ ನಮೂನೆಯಲ್ಲಿ ‘ಈ ಕೆಳಗಿನ ಕಾರಣಗಳಿಂದ ಬೇರೆ ತಯಾರಿಕೆ ಅಥವಾ ಮಾದರಿ ಸ್ವೀಕಾರಾರ್ಹವಲ್ಲ’ ಎಂಬ ಸಾಲಿನ ಮುಂದೆ ಖಾಲಿ ಜಾಗವಿದ್ದು, ಅಲ್ಲಿ ಕಾರಣ ಬರೆಯಬೇಕು. ‘ನಾವು ಮೊದಲಿಂದಲೂ ಇದನ್ನೇ ಬಳಸುತ್ತಿದ್ದೇವೆ’ ಎಂಬುದು ಕಾರಣವಾಗುವುದಿಲ್ಲ. ಪೂರೈಕೆದಾರರೇ ಬರೆದುಕೊಟ್ಟ ‘ನಾವೊಬ್ಬರೇ’ ಎಂಬ ಪತ್ರವನ್ನು ಹಾಗೆಯೇ ಲಗತ್ತಿಸಿ ಕೈತೊಳೆದುಕೊಳ್ಳುವುದಂತೂ ಆಡಿಟ್‌ನವರಿಗೆ ತಟ್ಟೆಯಲ್ಲಿಟ್ಟು ಕೊಟ್ಟ ಆಕ್ಷೇಪಣೆ.

ರಾಜ್ಯದ ವಿಶ್ವವಿದ್ಯಾಲಯವಾದರೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, ಅಂದರೆ ಎಲ್ಲರ ಬಾಯಲ್ಲಿರುವ ಕೆಟಿಪಿಪಿ ಕಾಯ್ದೆ, ಅನ್ವಯಿಸುತ್ತದೆ. ಪತ್ರಿಕೆಗಳಲ್ಲಿ ಆಗಾಗ ಸದ್ದು ಮಾಡುವುದು ಅದರ 4(ಜಿ) ವಿನಾಯಿತಿ. ಅದು ಸರ್ಕಾರ ಅಧಿಸೂಚನೆಯ ಮೂಲಕ ಕೊಡುವಂಥದು. ನಿಮಗೆ ಬೇಕಾದದ್ದು 4(ಬಿ). ಸರಕು ಅಥವಾ ಸೇವೆ ಒಂದೇ ಮೂಲದಿಂದ ಸಿಗುವಂತಿದ್ದು, ಅಥವಾ ಒಬ್ಬ ಪೂರೈಕೆದಾರರಿಗೇ ಅದರ ಹಕ್ಕು ಇದ್ದು, ಸಮಂಜಸವಾದ ಪರ್ಯಾಯ ಇಲ್ಲದಿದ್ದಾಗ ಅದು ಅನ್ವಯಿಸುತ್ತದೆ. ಆದರೆ ಹಾಗೆಂದು ಹೇಳುವವರು ಖರೀದಿಸುವ ಕಚೇರಿಯ ಮುಖ್ಯಸ್ಥರೊಬ್ಬರೇ ಆಗುವಂತಿಲ್ಲ. ಖರೀದಿಸುವ ಸಂಸ್ಥೆಯ ತಾಂತ್ರಿಕ ಪ್ರತಿನಿಧಿ, ಅಂಥದೇ ಖರೀದಿ ಮಾಡುವ ಇನ್ನೊಂದು ರಾಜ್ಯ ಸರ್ಕಾರಿ ಸಂಸ್ಥೆಯ ತಾಂತ್ರಿಕ ಪ್ರತಿನಿಧಿ, ಮತ್ತು ಹೆಸರಾಂತ ಶೈಕ್ಷಣಿಕ ಅಥವಾ ಸಂಶೋಧನಾ ಸಂಸ್ಥೆಯ ಪ್ರತಿನಿಧಿ, ಈ ಮೂವರು ಪರಿಣತರ ಸಮಿತಿ ಪರಿಶೀಲಿಸಿ ಘೋಷಿಸಬೇಕು. ಒಳಗಿನವರಿಗೆ ಅಭ್ಯಾಸವೇ ಅನಿವಾರ್ಯತೆಯಾಗಿ ಕಾಣುವ ಅಪಾಯವನ್ನು ಹೊರಗಿನ ಇಬ್ಬರು ತಡೆಯಬಲ್ಲರು ಎಂಬ ಕಾರಣಕ್ಕೆ ನಮ್ಮ ಈ ನಿಯಮ ಅಮೆರಿಕದ್ದಕ್ಕಿಂತ ಒಂದು ಕೈ ಮೇಲು ಎಂದು ನನಗನ್ನಿಸುತ್ತದೆ. ಗ್ರಂಥಾಲಯ ವಿಷಯದಲ್ಲಿ ಮೂರನೆಯ ಪರಿಣತರು ಸಿಗಲಿಲ್ಲ ಎನ್ನುವಂತೆಯೂ ಇಲ್ಲ. ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರು 1962ರಲ್ಲಿ ಆರಂಭಿಸಿದ, ಈ ವಿಷಯದ ಸಂಶೋಧನೆ ಮತ್ತು ತರಬೇತಿ ಕೇಂದ್ರವಾದ ಡಿಆರ್‌ಟಿಸಿ ಬೆಂಗಳೂರಿನಲ್ಲೇ ಇದೆ.

ಈಗ ನಿಮ್ಮ ಎರಡು ಬಾಬತ್ತುಗಳನ್ನು ಬೇರೆ ಬೇರೆ ಮಾಡಿ. ಸಾಫ್ಟ್‌ವೇರ್ ಏಕಮೂಲ ಎಂದು ಹೇಳುವುದು ಇಂದು ಕಷ್ಟ. ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ ಕೋಹಾ ಇದೆ, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಕೇಂದ್ರ ಸಂಸ್ಥೆ ಇನ್‌ಫ್ಲಿಬ್‌ನೆಟ್‌ನ ಸೋಲ್ ಇದೆ, ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯ ಇ-ಗ್ರಂಥಾಲಯ ಇದೆ. ಕೋಹಾ ಬಳಸುತ್ತಿದ್ದರೆ ಅದರ ನಿರ್ವಹಣೆಗೆ ಹಲವು ಸಂಸ್ಥೆಗಳು ಮುಂದೆ ಬರುತ್ತವೆ. ಅಲ್ಲಿ ಟೆಂಡರ್ ಕರೆಯದಿರಲು ನೆಪವೇ ಇಲ್ಲ. ಸಂಪನ್ಮೂಲ ಹಂಚಿಕೆಯ ಸದಸ್ಯತ್ವದ ಕಥೆ ಬೇರೆ. 1988ರಲ್ಲಿ ದೆಹಲಿಯಲ್ಲಿ ಆರಂಭವಾದ ಡೆಲ್‌ನೆಟ್‌ನಂತಹ ಗ್ರಂಥಾಲಯ ಜಾಲದ ಬೆಲೆ ಅದರ ಸದಸ್ಯರ ಸಂಗ್ರಹದಲ್ಲಿದೆ. ಅದಕ್ಕೆ ಸಮನಾದ ಇನ್ನೊಂದನ್ನು ಟೆಂಡರ್ ಮೂಲಕ ತರಲಾಗದು ಎಂದು ಸಮಿತಿ ಒಪ್ಪುವ ಸಾಧ್ಯತೆ ಹೆಚ್ಚು. ಆದರೆ ಅಷ್ಟರಿಂದಲೇ ಕಡತ ಪೂರ್ತಿಯಾಗುವುದಿಲ್ಲ. ಇನ್‌ಫ್ಲಿಬ್‌ನೆಟ್‌ನ ಇಂಡ್‌ಕ್ಯಾಟ್ ಸಂಯುಕ್ತ ಸೂಚಿಯನ್ನು ಉಚಿತವಾಗಿ ನೋಡಬಹುದಾದ್ದರಿಂದ, ಅದರಿಂದ ನಿಮ್ಮ ಅಗತ್ಯ ಎಷ್ಟರಮಟ್ಟಿಗೆ ಈಡೇರುತ್ತದೆ, ಉಳಿದದ್ದೇನು ಎಂದು ಕಳೆದ ವರ್ಷಗಳ ಎರವಲು ಬೇಡಿಕೆ ಪುಸ್ತಕವನ್ನೇ ಆಧಾರವಾಗಿಟ್ಟು ಟಿಪ್ಪಣಿ ಬರೆಯಿರಿ. ವರ್ಷಕ್ಕೆ ಬಂದ ಬೇಡಿಕೆಗಳು ಬೆರಳೆಣಿಕೆಯಷ್ಟಾದರೆ ಪ್ರಶ್ನೆ ಏಕಮೂಲದ್ದಲ್ಲ, ಸದಸ್ಯತ್ವವೇ ಬೇಕೇ ಎಂಬುದು.

ಪ್ರಶ್ನೆ: ಮುಕ್ತ ಟೆಂಡರ್ ಕರೆದೂ ಒಬ್ಬರೇ ಬಿಡ್ ಹಾಕಿದರೆ ಅದು ಏಕಮೂಲ ಖರೀದಿಯಾಗುತ್ತದೆಯೇ? (ತುಮಕೂರು)

ಉತ್ತರ: ಆಗುವುದಿಲ್ಲ. ಸಾಕಷ್ಟು ಪ್ರಚಾರ ಕೊಟ್ಟು, ಷರತ್ತುಗಳು ಒಬ್ಬರಿಗೇ ಹೊಂದುವಂತೆ ಬಿಗಿಯಾಗಿರದೆ, ದರ ಸಮಂಜಸವಾಗಿದ್ದರೆ ಒಂದೇ ಬಿಡ್ ಬಂದರೂ ಸ್ಪರ್ಧೆ ನಡೆದಂತೆಯೇ ಎಂದು ಕೇಂದ್ರದ ನಿಯಮ ಒಪ್ಪುತ್ತದೆ. ಷರತ್ತುಗಳನ್ನೇ ಒಬ್ಬರ ಕೈಪಿಡಿಯಿಂದ ನಕಲು ಮಾಡಿ ಬರೆದಿದ್ದರೆ ಅದು ಟೆಂಡರಿನ ವೇಷದ ಏಕಮೂಲ ಖರೀದಿ. ಅದಕ್ಕಿಂತ ಕಾರಣ ಬರೆದು ನೇರವಾಗಿ ಕೊಳ್ಳುವುದು ಮೇಲು.

ಪ್ರಶ್ನೆ: ಪೈಪೋಟಿಯೇ ಇಲ್ಲದ ಕಡೆ ದರ ನ್ಯಾಯವಾದದ್ದೆಂದು ಅಧಿಕಾರಿ ಯಾವ ಆಧಾರದ ಮೇಲೆ ಸಹಿ ಹಾಕುತ್ತಾರೆ? (ಬಳ್ಳಾರಿ)

ಉತ್ತರ: ಏಕಮೂಲ ಎಂದು ಸಾಬೀತಾದರೂ ಕೇಳಿದಷ್ಟು ಕೊಡಬೇಕೆಂದಿಲ್ಲ. ಹಿಂದಿನ ವರ್ಷಗಳ ಬಿಲ್ಲು, ಅಂಥದೇ ಗಾತ್ರದ ಬೇರೆ ಗ್ರಂಥಾಲಯಗಳು ಕೊಟ್ಟ ದರ, ಪ್ರಕಟಿತ ದರಪಟ್ಟಿ, ಸೇವೆಯನ್ನು ಎಷ್ಟು ಬಳಸಿದೆವು ಎಂಬ ಲೆಕ್ಕ, ಇವು ಸಾಮಾನ್ಯ ಆಧಾರಗಳು. ಇವುಗಳಲ್ಲಿ ಎರಡನೆಯದು ಸಿಗುವುದೇ ಕಷ್ಟ, ಏಕೆಂದರೆ ಪ್ರತಿ ಗ್ರಂಥಾಲಯಕ್ಕೂ ಬೇರೆ ಬೇರೆ ದರದ ಪ್ರಸ್ತಾವ ಬರುವ ಕ್ಷೇತ್ರ ಇದು. ಸರ್ಕಾರಿ ಕಚೇರಿಗಳು ಒಂದಕ್ಕೊಂದು ದರ ಕೇಳಿ ತಿಳಿದುಕೊಳ್ಳಲು ಸಂಕೋಚ ಪಡಬೇಕಾದ ಕಾರಣವೇ ಇಲ್ಲ.

ಇದಕ್ಕಿಂತ ಬಲವಾದ ಮದ್ದು ಒಟ್ಟಾಗಿ ಕೊಳ್ಳುವುದು. ಅಮೆರಿಕದಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನೊಳಗೆ ಫೆಡ್‌ಲಿಂಕ್ ಎಂಬ ವಿಭಾಗವಿದ್ದು, ಅದು ಕೇಂದ್ರ ಸರ್ಕಾರದ ಗ್ರಂಥಾಲಯಗಳ ಪರವಾಗಿ ಮಾರಾಟಗಾರರೊಡನೆ ಒಪ್ಪಂದ ಮಾಡಿಕೊಂಡಿರುತ್ತದೆ. ಚಿಕ್ಕ ಗ್ರಂಥಾಲಯವೊಂದು ತಾನೊಂದೇ ಚೌಕಾಸಿಗೆ ಕೂರಬೇಕಾಗಿಲ್ಲ. ನಮ್ಮಲ್ಲಿ ಇದರ ದೊಡ್ಡ ಉದಾಹರಣೆ ನಿಯತಕಾಲಿಕಗಳ ಕಡೆಯದು. ಒಂದು ನಿಯತಕಾಲಿಕಕ್ಕೆ ಪ್ರಕಾಶಕರು ಒಬ್ಬರೇ ಆದ್ದರಿಂದ ಅದು ಹುಟ್ಟಿನಿಂದಲೇ ಏಕಮೂಲದ ಸರಕು. 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳಿಗೆ ಮೂರು ವರ್ಷಗಳ ಅವಧಿಗೆ 6,000 ಕೋಟಿ ರೂಪಾಯಿ ನಿಗದಿಯಾಗಿದ್ದು, ಸರ್ಕಾರಿ ಸಂಸ್ಥೆಗಳು ಒಬ್ಬೊಬ್ಬರಾಗಿ ಹೋಗುವ ಬದಲು ಇಡೀ ದೇಶದ ಪರವಾಗಿ ಒಂದೇ ಕೈ ಚೌಕಾಸಿ ಮಾಡುತ್ತದೆ. ಮೊತ್ತ ಹೆಚ್ಚಾಯಿತೇ ಕಡಿಮೆಯಾಯಿತೇ ಎಂಬ ಚರ್ಚೆ ಇರಲಿ, ಮಾರುವವರು ಒಬ್ಬರೇ ಆದಾಗ ಕೊಳ್ಳುವವರೂ ಒಬ್ಬರಾಗಬೇಕೆಂಬ ತರ್ಕ ಸರಿಯಾದದ್ದು.

ಸಹಿ ಹಾಕುವ ಮುನ್ನ ಒಪ್ಪಂದದಲ್ಲಿ ಮೂರು ವಿಷಯಗಳು ಬರವಣಿಗೆಯಲ್ಲಿವೆಯೇ ಎಂದು ನೋಡಬೇಕು. ನವೀಕರಣದ ವೇಳೆ ದರ ಎಷ್ಟರವರೆಗೆ ಏರಬಹುದೆಂಬ ಮಿತಿ ಇರಬೇಕು. ಒಪ್ಪಂದ ಮುಗಿದಾಗ ಗ್ರಂಥಾಲಯ ತಾನು ತಯಾರಿಸಿದ ದಾಖಲೆಗಳನ್ನೂ ಬಳಸಿಕೊಂಡ ದಾಖಲೆಗಳನ್ನೂ ಮಾರ್ಕ್ ರೂಪದಲ್ಲಿ ಪೂರ್ತಿಯಾಗಿ ವಾಪಸು ಪಡೆದು ಬೇರೆ ಕಡೆ ಬಳಸಲು ಅಡ್ಡಿಯಿಲ್ಲವೆಂದು ಸ್ಪಷ್ಟವಾಗಿರಬೇಕು. ಸೂಚೀಕರಣವನ್ನು ಬೇರೆಯವರಿಗೆ ವಹಿಸಿದರೂ ಎರವಲು ಜಾಲದಲ್ಲಿ ಯಾವ ದರಕ್ಕೆ ಉಳಿಯಬಹುದೆಂಬುದನ್ನು ಈಗಲೇ ಬರೆಸಿಕೊಳ್ಳಬೇಕು. ಮಾತುಕತೆಯ ಹೊತ್ತಿನಲ್ಲಿ ಮಾರಾಟಗಾರರು ಹೆಚ್ಚು ತಕರಾರು ಮಾಡುವುದು ಈ ಮೂರನೆಯದಕ್ಕೆ. ಅದನ್ನು ಬಿಟ್ಟುಕೊಡುವ ಅಧಿಕಾರಿ ಮುಂದಿನ ವರ್ಷದ ಏಕಮೂಲ ಸಮರ್ಥನೆಯನ್ನೂ ಈ ವರ್ಷವೇ ಬರೆದಿಟ್ಟಂತೆ.